ಸತ್ತವರ ಪಟ್ಟಿಯಿಂದ ಒಂದು ಹೆಸರು

ಬುಧವಾರ, ಜುಲೈ ೧೭

ನನ್ನ ಗುಬ್ಬಿಗೆ,

ಅಮ್ಮ ನೂರು ಮುತ್ತು ಕಳಿಸಿದ್ದಾಳೆ. ಇಪ್ಪತ್ತಾರು ವರ್ಷದವಳಿಗೆ ಅಷ್ಟೊಂದು ಬೇಡ ಅನ್ನಿಸಿದರೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ನಿನ್ನ ಕನ್ನಡಕದ ಅಂಗಡಿಯ ಗೆಳತಿಯರಿಗೆ ಹಂಚಿಬಿಡು.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ. ಮಂಡಿ ಮೊದಲಿನ ಹಾಗೇ ಸಂಜೆ ಹೊತ್ತಿಗೆ ಕಿರುಗುಟ್ಟುತ್ತದೆ. ಆಸ್ಪತ್ರೆಯ ಬಟ್ಟೆ ಕೋಣೆಯ ದೊಡ್ಡ ಯಂತ್ರವೂ ಕಿರುಗುಟ್ಟುತ್ತದೆ. ಇಬ್ಬರಿಗೂ ಒಟ್ಟಿಗೇ ನಿವೃತ್ತಿ ಕೊಟ್ಟುಬಿಡಿ ಎಂದು ಮೇಲ್ವಿಚಾರಕಿಗೆ ಹೇಳಿದ್ದೇನೆ. ವಿಷಯ ಬೇರೆ. ಹೋದ ಶನಿವಾರ ನಿನಗೆ ಮೂರು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಮೂರನೆಯ ಸಲ ನೀನು, "ಅಮ್ಮ, ಒಂದೇ ಊಟ ಎಷ್ಟು ಸಲ ಮಾಡ್ಲಿ?" ಎಂದು ನಕ್ಕೆ. ಆ ನಗು ಕೇಳಿದ ಮೇಲೆ ನನ್ನ ಬಾಯಿಂದ ಬೇರೆ ಮಾತು ಹೊರಡಲಿಲ್ಲ. ಕಾಗದ ನಗುವುದಿಲ್ಲ, ಅಳುವುದಿಲ್ಲ, ಮಧ್ಯೆ ಬಾಯಿ ಹಾಕುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಮ್ಮ ಪಾಸ್ಟರ ವಿಷಯ. ಆ ಪದ ಕಂಡ ಕೂಡಲೇ ನಿನ್ನ ಮುಖ ಬಿಗಿಯುತ್ತದೆಂದು ಗೊತ್ತು. ಸಿಟ್ಟು ಬಂದರೆ ಮಡಚಿಟ್ಟು ನಾಳೆ ಓದು. ಹರಿಯಬೇಡ. ಇನ್ನೊಂದು ಸಲ ಬರೆಯುವ ಧೈರ್ಯ ನನಗಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಯಾಕೆಂದರೆ ತಪ್ಪು ಇರುವುದು ಅದರಲ್ಲೇ.

ನಿನ್ನ ಅಪ್ಪ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ನಮ್ಮನ್ನು ಬಿಟ್ಟಾಗ ನಿನಗೆ ಮೂರು ವರ್ಷ. ನಾನು ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು, ನಮ್ಮ ಗುರುತು ಪರಿಚಯ ಯಾರಿಗೂ ಇಲ್ಲದ ಈ ಊರಿಗೆ ಬಂದೆ. ಇಲ್ಲಿನ ಚರ್ಚಿನ ಸಭೆಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವಾಗ, ಆಗ ಇದ್ದ ಹಳೆಯ ಪಾಸ್ಟರು, "ಯಜಮಾನರು?" ಎಂದು ಕೇಳಿದರು. "ತೀರಿಕೊಂಡ್ರು" ಎಂದೆ. ಬಿಟ್ಟುಹೋದರು ಎನ್ನುವುದಕ್ಕಿಂತ ಅದು ಬಾಯಿಗೆ ಹಗುರವಾಗಿ ಬಂತು. ಆ ಕ್ಷಣ ದಾಟಿದರೆ ಸಾಕಾಗಿತ್ತು ನನಗೆ. ಅವರು ಪಾಪ, ಬಹಳ ಮರುಗಿ, ಅದೇ ವರ್ಷ ಅಗಲಿದವರ ನೆನಪಿನ ಭಾನುವಾರ ಓದುವ ಪಟ್ಟಿಯಲ್ಲಿ ನಿನ್ನ ಅಪ್ಪನ ಹೆಸರನ್ನೂ ಸೇರಿಸಿದರು. ಬೇಡ ಎನ್ನುವುದು ಹೇಗೆ?

ಹೆಸರು ಓದಿದಾಗ ಆ ಮನೆಯವರು ಎದ್ದು ನಿಲ್ಲಬೇಕು. ಮೊದಲ ವರ್ಷ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಆಮೇಲಿನ ವರ್ಷಗಳಲ್ಲಿ ನೀನೇ ಎದ್ದು ನಿಲ್ಲುತ್ತಿದ್ದೆ, ಕೈ ಕಟ್ಟಿಕೊಂಡು, ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ. ನಾನು ನೆಲ ನೋಡುತ್ತಾ ಕೂತಿರುತ್ತಿದ್ದೆ. ದುಃಖ ಹೆಚ್ಚಾಗಿ ಏಳಲಾರಳು ಎಂದು ಜನ ಅಂದುಕೊಂಡರು. ಇಪ್ಪತ್ತು ವರ್ಷ ಹೀಗೇ ಕಳೆಯಿತು. ಪಾಸ್ಟರುಗಳು ಬದಲಾದರು, ಪಟ್ಟಿ ಬದಲಾಗಲಿಲ್ಲ.

ಈಗಿನ ಪಾಸ್ಟರು ಬಂದು ನಾಲ್ಕನೆಯ ವರ್ಷದಲ್ಲಿ ನನಗೆ ಇನ್ನು ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಸಭೆಯ ಕಚೇರಿಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಕೆಲವು ತಿಂಗಳ ಮೇಲೆ ಒಂದು ಭಾನುವಾರ ಅವರು ಪೀಠದಿಂದ ಮಾಡುವ ಪ್ರಸಂಗದಲ್ಲಿ ಅದನ್ನೇ ಉದಾಹರಣೆ ಮಾಡಿದರು. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ. ಆದರೆ, ಬದುಕಿರುವ ಅಪ್ಪನ ಹೆಸರಿಗೆ ಒಂದು ಮಗು ವರ್ಷ ವರ್ಷವೂ ಎದ್ದು ನಿಲ್ಲುತ್ತಿತ್ತು ಎಂದರು. ನಮ್ಮ ಸಭೆಯಲ್ಲಿ ಅಪ್ಪನ ಹೆಸರಿಗೆ ಒಬ್ಬಳೇ ನಿಲ್ಲುವವಳು ಇನ್ನು ಯಾರಿದ್ದರು? ಐವತ್ತು ತಲೆ ಒಟ್ಟಿಗೆ ತಿರುಗಿದವು. ನೀನು ಎದ್ದು ಹೊರಗೆ ಹೋದೆ.

ನಾನು ಮನೆಗೆ ಬಂದಾಗ ನೀನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. "ನಿಜಾನಾ?" ಎಂದು ಕೇಳಿದೆ. ನಾನು ನಿಜ ಎಂದೆ. ಅದರ ಹಿಂದೆಯೇ, ನೀನು ಇನ್ನೊಂದು ಮಾತು ಕೇಳುವ ಮೊದಲೇ, "ಗುಟ್ಟಾಗಿರುತ್ತೆ ಅಂತ ನಂಬಿ ಅವರ ಹತ್ರ ಹೇಳ್ಕೊಂಡೆ ಮಗಳೇ, ಅವರು ಹೀಗೆ ಮಾಡಿಬಿಟ್ರು" ಎಂದು ಅತ್ತೆ. ನಿನ್ನ ಸಿಟ್ಟು ನನ್ನ ಮೇಲೆ ಬೀಳಲು ಬಂದದ್ದು ಅಲ್ಲೇ ದಾರಿ ಬದಲಿಸಿ ಪಾಸ್ಟರ ಮನೆ ಕಡೆ ಹೋಯಿತು. ನನ್ನ ಕಣ್ಣೆದುರೇ ಹೋಯಿತು. ನಾನು ತಡೆಯಲಿಲ್ಲ.

ಮುಂದಿನ ಭಾನುವಾರ ನೀನು ಸಭೆಯ ಗೇಟಿನ ಹತ್ತಿರ ನಿಂತು, "ಇನ್ಮೇಲೆ ಈ ಮನುಷ್ಯನ ಹತ್ರ ಯಾರೂ ಏನೂ ಹೇಳ್ಕೋಬೇಡಿ" ಎಂದು ಬಂದವರಿಗೆಲ್ಲ ಹೇಳಿದೆ. ಆಮೇಲೆ ಊರು ಬಿಟ್ಟೆ. ಇಷ್ಟು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಈಗ. ಆ ವಾರ ಪಾಸ್ಟರು ನಮ್ಮ ಮನೆಗೆ ಮೂರು ಸಲ ಬಂದರು. ನೀನು ಕೆಲಸಕ್ಕೆ ಹೋಗಿದ್ದ ಹೊತ್ತು. ನಾನು ಬಾಗಿಲು ತೆಗೆಯದೆ, ಅವರ ಚಪ್ಪಲಿ ಸದ್ದು ದೂರವಾಗುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ನೀನು ಹೋದ ಮೇಲೆ ದಾರಿಯಲ್ಲಿ ಸಿಕ್ಕಿ ನಿನ್ನ ವಿಳಾಸ ಕೇಳಿದರು. ಅವಳಿಗೆ ಇಷ್ಟವಿಲ್ಲ ಎಂದೆ. ನಿನ್ನನ್ನು ನಾನು ಕೇಳಿಯೇ ಇರಲಿಲ್ಲ.

ನಿನ್ನ ಮಾತು ಬೆಂಕಿಯ ಹಾಗೆ ಹಬ್ಬಿತು. ಹಿಂದೆ ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಜಗಳ, ಯಾರ ಮಗ ಕುಡಿಯುತ್ತಾನೆ ಎಂದರೂ ಪಾಸ್ಟರನ್ನು ಕರೆಯುತ್ತಿದ್ದರು. ಈಗ ಅವರು ಬರುವುದು ಕಂಡರೆ ಜನ ಹವಾಮಾನದ ಮಾತು ತೆಗೆಯುತ್ತಿದ್ದರು. ಕಿವಿ ಮಂದವಾಗಿರುವ ನಮ್ಮ ರೈಲ್ವೆ ಅಜ್ಜ ಮಾತ್ರ, "ನನಗೆ ಅವರು ಹೇಳಿದ್ದು ಕೇಳಿಸ್ಲಿಲ್ಲ, ಹಾಗಾಗಿ ನನಗೆ ಸಿಟ್ಟಿಲ್ಲ" ಎಂದು ಮೊದಲಿನ ಹಾಗೇ ಅವರ ಕೈ ಹಿಡಿದು ಮಾತಾಡಿಸುತ್ತಿದ್ದರು. ಬೆಂಚುಗಳು ಖಾಲಿಯಾಗುತ್ತಾ ಬಂದವು. ಹಿರಿಯರ ಸಮಿತಿಯವರು ಕೇಳಿದಾಗಲೆಲ್ಲ ಪಾಸ್ಟರದು ಒಂದೇ ಉತ್ತರವಂತೆ, "ತಪ್ಪು ನನ್ನದು." ಅದರಾಚೆಗೆ ಒಂದು ಅಕ್ಷರ ಇಲ್ಲ. ನಾನು ಮೂರು ತಿಂಗಳು ಸಭೆಗೆ ಹೋಗದೆ, ಆಮೇಲೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಜನ ನನಗೆ ಜಾಗ ಬಿಟ್ಟುಕೊಟ್ಟರು, ಕೈ ಅದುಮಿದರು. ನೊಂದವಳು ಎಂಬ ಮರ್ಯಾದೆ. ಅದು ಬೆಚ್ಚಗೆ ಇರುತ್ತದೆ ಮಗಳೇ, ಹೊದ್ದುಕೊಂಡರೆ ತೆಗೆಯುವ ಮನಸ್ಸಾಗುವುದಿಲ್ಲ.

ಹೀಗೆ ಎರಡು ವರ್ಷ ಹೋಯಿತು. ಕಳೆದ ತಿಂಗಳು ಒಂದು ಬೆಳಗ್ಗೆ ಬಟ್ಟೆ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ಕಿಟಕಿಯಲ್ಲಿ ಯಾರೋ ಬಂದು ನಿಂತರು. ಹಬೆಗೆ ಗಾಜು ಮಸುಕಾಗಿತ್ತು, ಮುಖ ಕಾಣಲಿಲ್ಲ. "ಹೆಂಗಸರ ವಾರ್ಡಿಗೆ ಒಂದು ಹೊದಿಕೆ ಸಿಗುತ್ತಾ? ಅವಳಿಗೆ ಚಳಿ" ಎಂಬ ಧ್ವನಿ ಕೇಳಿ ಗಾಜು ಸರಿಸಿದೆ. ಪಾಸ್ಟರು. ಕಿಟಕಿಯ ಈ ಕಡೆ ಇರುವುದು ನಾನೆಂದು ಅವರಿಗೂ ಗೊತ್ತಿರಲಿಲ್ಲ, ಮುಖ ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದರು. ಗಡ್ಡ ಬೆಳೆದಿತ್ತು. ಕೈಯಲ್ಲಿ ಒಂದು ಬಕೆಟ್, ಅದರಲ್ಲಿ ಹಿಂಡಿದ ಹೆಂಗಸರ ಬಟ್ಟೆ. ನಲ್ಲಿಯಲ್ಲಿ ತಾವೇ ಒಗೆದು ತಂದಿದ್ದರು.

ನಾನು ಎರಡು ಹೊದಿಕೆ ಕೊಟ್ಟೆ. ಏನಾಯಿತು ಎಂದು ಕೇಳಿದೆ. ಪಾಸ್ಟರಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿ ಹನ್ನೊಂದು ದಿನ ಆಗಿತ್ತು. ಹೊಲಿಗೆಯಲ್ಲಿ ಕೀವಾಗಿ ಮನೆಗೆ ಬಿಟ್ಟಿರಲಿಲ್ಲ.

"ಹಗಲು ಹೊತ್ತು ಜೊತೆಗೆ ಯಾರು ಇರ್ತಾರೆ?"

"ನಾನೇ."

"ನೀವು ಇಲ್ಲದಾಗ?"

"ಪಕ್ಕದ ಮಂಚದವರು ನೋಡ್ಕೋತಾರೆ. ಒಳ್ಳೆಯವರು."

ಸಭೆಯಿಂದ ಯಾರೂ ಬರಲಿಲ್ಲವಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೊದಿಕೆ ತೆಗೆದುಕೊಂಡು, "ಮಗಳು ಚೆನ್ನಾಗಿದ್ದಾಳಾ ಅಕ್ಕ?" ಎಂದು ಕೇಳಿ ಹೋದರು. ಅಷ್ಟೇ. ಎರಡು ಬೈದಿದ್ದರೂ ನನಗೆ ನಿರಾಳವಾಗುತ್ತಿತ್ತು. ಆ ದಿನ ಹಾಸಿಗೆ ಬಟ್ಟೆಯ ಬದಲು ದಿಂಬಿನ ಚೀಲಗಳನ್ನು ಕಟ್ಟಿ ಆಪರೇಷನ್ ಕೋಣೆಗೆ ಕಳಿಸಿ ಚೆನ್ನಾಗಿ ಬೈಸಿಕೊಂಡೆ, ಆದರೆ ಅದು ಬೇರೆಯವರಿಂದ.

ಕೆಲಸ ಮುಗಿದ ಮೇಲೆ ವಾರ್ಡಿಗೆ ಹೋದೆ. ಪಾಸ್ಟರಮ್ಮ ಗೋಡೆ ಕಡೆ ತಿರುಗಿ ಮಲಗಿದ್ದರು. ನಮ್ಮ ಸಭೆಯ ಹೆಂಗಸರಿಗೆ ಹೆರಿಗೆ ಆದಾಗ, ಮೈ ಹುಷಾರಿಲ್ಲದಾಗ ಮೊದಲು ಬಂದು ತಲೆ ಬಾಚಿದವರು ಅವರು. ನಿನಗೆ ದಡಾರ ಎದ್ದಾಗ ಇವರೇ ಅಲ್ಲವಾದರೂ ಇವರ ಹಿಂದಿನ ಪಾಸ್ಟರಮ್ಮ ಬಂದು ಕೂತಿದ್ದರು. ಪಾಸ್ಟರಮ್ಮ ಎಂದರೆ ಬರುವವರು ಎಂದು ನಾವು ರೂಢಿ ಮಾಡಿಕೊಂಡಿದ್ದೇವೆ, ಅವರ ಹತ್ತಿರ ನಾವು ಹೋಗಬೇಕಾಗಬಹುದು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಅವರ ಕೂದಲು ಹನ್ನೊಂದು ದಿನ ಬಾಚಣಿಗೆ ಕಾಣದೆ ಜಡೆಗಟ್ಟಿತ್ತು. ನಾನು ಕೂತು ಸಿಕ್ಕು ಬಿಡಿಸಿದೆ.

ಆಗ ಅವರು ಕೇಳಿದರು, "ಅಕ್ಕ, ಆವತ್ತು ನಿಜವಾಗಿ ಏನಾಯ್ತು? ನಾನು ಅವರ ಹೆಂಡತಿ. ನನಗೂ ಹೇಳಲ್ಲ. ಅದು ಹೇಳೋಕೆ ತನ್ನದಲ್ಲ ಅಂತಾರೆ."

ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. ಎರಡು ವರ್ಷ ಆ ಮನುಷ್ಯ ತನ್ನ ಹೆಂಡತಿಯ ಮುಂದೆ ಕೂಡ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ. ನೋಡು, ಆಗಲೂ ಸುಳ್ಳೇ.

ಅದಾದ ನಾಲ್ಕನೇ ದಿನ ಸಭೆಯ ಕಾರ್ಯದರ್ಶಿ, ಅದೇ ಪ್ರಿಂಟಿಂಗ್ ಪ್ರೆಸ್ಸಿನವರು, ಮನೆಗೆ ಬಂದರು. ಕೆಟ್ಟವರಲ್ಲ. ಬೆರಳಿಗೆ ಶಾಯಿ ಅಂಟಿಕೊಂಡೇ ಹುಟ್ಟಿದವರು, ಅಚ್ಚಾದದ್ದೆಲ್ಲ ನಿಜ ಎಂದು ನಂಬುವವರು. ವಾರ್ಷಿಕ ಸಭೆಯಲ್ಲಿ ಪಾಸ್ಟರನ್ನು ಬದಲಾಯಿಸಿ ಎಂದು ಮೇಲಿನವರಿಗೆ ಬರೆಯುವ ನಿರ್ಣಯ ಇದೆ, ನೀವು ಬಂದು ಎರಡು ಮಾತಾಡಬೇಕು ಎಂದರು. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ಅಕ್ಕ. ಕುರಿ ಮಂದೆ ಕಾಯೋಕೆ ಬಂದವರು ಮಂದೆಯ ಗುಟ್ಟನ್ನೇ ಬೀದಿಗೆ ಹಾಕಿದ್ರೆ ಹೇಗೆ? ನೀವು ಮಾತಾಡಿದ್ರೆ ಅದಕ್ಕೆ ತೂಕ." ನಾನು ಬರುತ್ತೇನೆ ಎಂದೆ.

ಶನಿವಾರ ನಿನಗೆ ಫೋನ್ ಮಾಡಿದ್ದು ಅದಕ್ಕೇ. ಭಾನುವಾರ ನಾನು ಹೇಳಲಿದ್ದದ್ದನ್ನು ಎಲ್ಲರಿಗಿಂತ ಮೊದಲು ನೀನು ಕೇಳಬೇಕಿತ್ತು. ಆಗಲಿಲ್ಲ. ಇದಕ್ಕೂ ಕ್ಷಮೆ ಕೇಳುತ್ತೇನೆ.

ಆರಾಧನೆ ಮುಗಿದ ಮೇಲೆ ಜನ ಕೂತೇ ಇದ್ದರು. ಎರಡು ವರ್ಷದಲ್ಲಿ ಅಷ್ಟು ಜನ ಬಂದಿರಲಿಲ್ಲ. ಪಾಸ್ಟರು ಪೀಠದಿಂದ ಇಳಿದು, ಬದಿಯ ಕುರ್ಚಿಯಲ್ಲಿ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಪಾಸ್ಟರಮ್ಮ ಮನೆಗೆ ಬಂದು ಮೂರು ದಿನವಾಗಿತ್ತು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೊನೆಯ ಬೆಂಚಿನಲ್ಲಿದ್ದರು. ಪ್ರೆಸ್ಸಿನವರು ನಿರ್ಣಯ ಓದಿದರು. ಸಭಿಕರು ನಂಬಿ ಹೇಳಿಕೊಂಡದ್ದನ್ನು ಕಾಪಾಡುವುದು ಸಭಾಪಾಲಕರ ಹೊಣೆ, ಈ ಹೊಣೆಯಲ್ಲಿ ತಪ್ಪಿದ್ದಾರೆ, ಒಬ್ಬ ತಾಯಿಯ ಗುಟ್ಟು ಬಯಲು ಮಾಡಿ ಒಂದು ಮನೆ ಒಡೆದಿದ್ದಾರೆ, ಹೀಗೆ. ಓದಿ, ನನ್ನ ಕಡೆ ನೋಡಿದರು.

ಎದ್ದೆ. ಮುಂದಿನ ಬೆಂಚನ್ನು ಹಿಡಿದುಕೊಂಡೆ. ನಾನು ಅಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪವೂ ತಿದ್ದದೆ ಬರೆಯುತ್ತೇನೆ.

ನಾನು ಗುಟ್ಟು ಹೇಳಿದ ದಿನ ಪಾಸ್ಟರು ನನಗೆ ಹೇಳಿದ್ದು ಒಂದೇ ಮಾತು, "ನನಗೆ ಹೇಳಿದ್ದು ಸುಲಭ ಅಕ್ಕ. ಮಗಳಿಗೆ ಹೇಳಿ. ಅದೇ ನಿಜವಾದ ಕೆಲಸ." ಆಮೇಲೆ ನಾಲ್ಕು ತಿಂಗಳು, ಸಿಕ್ಕಾಗಲೆಲ್ಲ, ಯಾರಿಗೂ ಕೇಳಿಸದ ಹಾಗೆ, "ಹೇಳಿದ್ರಾ?" ಎನ್ನುತ್ತಿದ್ದರು. ಒಂದು ದಿನ ನಾನು ಬೇಸತ್ತು, "ಹೇಳಿದೆ" ಎಂದುಬಿಟ್ಟೆ. ಅವಳು ಏನಂದಳು ಎಂದು ಕೇಳಿದರು. ಅತ್ತಳು, ಆಮೇಲೆ ನನ್ನನ್ನು ಅಪ್ಪಿಕೊಂಡಳು ಎಂದೆ. ಅವರ ಕಣ್ಣಲ್ಲಿ ನೀರು ಬಂತು. ವಾರದ ಮೇಲೆ ಅವರೇ ಬಂದು, ಇಂಥ ಭಾರ ಹೊತ್ತ ಬೇರೆ ಮನೆಗಳೂ ನಮ್ಮಲ್ಲಿವೆ, ಹೆಸರಿಲ್ಲದೆ ನಿಮ್ಮ ವಿಷಯ ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ, ನಿಮ್ಮ ಒಪ್ಪಿಗೆ ಇದೆಯಾ, ಮಗಳ ಒಪ್ಪಿಗೆ ಇದೆಯಾ ಎಂದು ಕೇಳಿದರು. ಇಬ್ಬರದೂ ಇದೆ ಎಂದೆ.

ಅಂದರೆ ಗುಬ್ಬಿ, ಅವರು ನನ್ನ ಗುಟ್ಟು ಬಯಲು ಮಾಡಲಿಲ್ಲ. ನಿನಗೆ ಹೇಳಲಾರದ್ದನ್ನು ನಾನು ಅವರ ಬಾಯಿಂದ ಹೇಳಿಸಿದೆ. ಆ ಪ್ರಸಂಗದ ಭಾನುವಾರ ನಿನಗೆ ಜ್ವರ ಇತ್ತು, ನೆನಪಿದೆಯಾ? ಮನೆಯಲ್ಲೇ ಇರುತ್ತೇನೆ ಎಂದಿದ್ದೆ. ನಾನು ಮಾತ್ರೆ ಕೊಟ್ಟು, ಸ್ವೆಟರ್ ಹಾಕಿಸಿ, ಬಲವಂತ ಮಾಡಿ ಕರೆದುಕೊಂಡು ಹೋದೆ. ದೂರದಿಂದ ಕೇಳಿದರೆ, ದೇವರ ಮನೆಯಲ್ಲಿ ಕೇಳಿದರೆ, ನಿನಗೆ ನೋವು ಕಡಿಮೆಯಾಗಬಹುದು ಎಂಬ ಹುಚ್ಚು ಲೆಕ್ಕ ನನ್ನದು. ಆ ನಿಂತ ಮಗುವಿನ ಮಾತು ಅವರು ಎತ್ತುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತಿರಲಿಲ್ಲ.

ನಾನು ಹೇಳಿ ಮುಗಿಸಿದ ಕೂಡಲೇ ರೈಲ್ವೆ ಅಜ್ಜ ಕಿವಿಗೆ ಕೈ ಹಿಡಿದು, "ಏನಂತೆ?" ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, ನಮ್ಮ ಅಜ್ಜಿ, ಅವರ ಕಿವಿಯಲ್ಲಿ ಇಡೀ ವಿಷಯವನ್ನು ರೈಲು ಹೊರಡುವಾಗ ಕೂಗಿ ಹೇಳುವ ಹಾಗೆ ಮೊದಲಿನಿಂದ ಹೇಳಿದರು. ಹಾಗಾಗಿ ನನ್ನ ತಪ್ಪೊಪ್ಪಿಗೆ ಎರಡು ಸಲ ಆಯಿತು. ಎರಡನೆಯ ಸಲ ಕೇಳುವಾಗ ಹೆಚ್ಚು ಕಷ್ಟವಾಯಿತು, ಯಾಕೆಂದರೆ ಅಜ್ಜಿ ಏನನ್ನೂ ಬಿಡಲಿಲ್ಲ.

ಪ್ರೆಸ್ಸಿನವರು ಕನ್ನಡಕ ತೆಗೆದು ಪಾಸ್ಟರ ಕಡೆ ತಿರುಗಿ, "ಎರಡು ವರ್ಷ. ಒಂದು ಮಾತು ಹೇಳಬಾರದಿತ್ತಾ?" ಎಂದರು.

ಪಾಸ್ಟರು, "ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ" ಎಂದರು. ಆಮೇಲೆ ಎದ್ದು ನಿಂತರು. "ಹಾಗಂತ ಆ ಕಾಗದ ಪೂರ್ತಿ ಸುಳ್ಳಲ್ಲ. ಆ ಹುಡುಗಿಯನ್ನ ಕರೆದು ನಾನೇ ಒಂದು ಮಾತು ಕೇಳಬೇಕಿತ್ತು. ಅವಳ ಒಪ್ಪಿಗೆ ಅವಳ ಬಾಯಲ್ಲೇ ಬರಬೇಕಿತ್ತು. ಕೇಳಲಿಲ್ಲ. ಯಾಕೆ ಅಂದ್ರೆ, ಪ್ರಸಂಗ ಚೆನ್ನಾಗಿ ಬರ್ತಿತ್ತು. ಅವಳು ಎದ್ದು ನಿಲ್ತಿದ್ದದ್ದು ಹೇಳಿದ್ರೆ ಜನರ ಮನಸ್ಸಿಗೆ ತಾಕುತ್ತೆ ಅಂತ ನನಗೆ ಗೊತ್ತಿತ್ತು. ಒಂದು ಮನೆಯ ನೋವು ನನಗೆ ಉದಾಹರಣೆ ಆಗಿಬಿಡ್ತು. ತಪ್ಪು ನನ್ನದು ಅಂತ ನಾನು ಹೇಳಿದ್ದು ಬರೀ ಅಕ್ಕನ್ನ ಉಳಿಸೋಕೆ ಅಲ್ಲ."

ನಾನು ಅಲ್ಲಿಗೆ ಕೂತುಬಿಡಬಹುದಿತ್ತು. ಆದರೆ ಒಮ್ಮೆ ಬಾಯಿ ತೆರೆದ ಮೇಲೆ ನಿಮ್ಮಮ್ಮನನ್ನು ನಿಲ್ಲಿಸುವುದು ಯಾರಿಂದಾಗುತ್ತದೆ? ಆಸ್ಪತ್ರೆಯ ಹನ್ನೊಂದು ದಿನದ ವಿಷಯ ಹೇಳಿದೆ. ಬಕೆಟ್ ಹೇಳಿದೆ, ಕೂದಲು ಹೇಳಿದೆ. "ಅವರು ನಮ್ಮನ್ನ ಕಾಯಬೇಕು ಅಂತ ಬರೆದಿದ್ದೀರಿ. ಅವರನ್ನ ಕಾಯೋರು ಯಾರು ಅಂತ ಯಾವ ಪುಟದಲ್ಲಿದೆ?" ಎಂದು ಕೇಳಿದೆ. ಹಾಡುವ ಗುಂಪಿನ ಟೀಚರು ತಲೆ ತಗ್ಗಿಸಿ, "ಯಾರಾದ್ರೂ ಹೋಗಿರ್ತಾರೆ ಅಂದ್ಕೊಂಡೆ" ಎಂದರು. ಅವರ ಪಕ್ಕದವರೂ ಹಾಗೇ ಅಂದುಕೊಂಡಿದ್ದರು. ಎಲ್ಲರೂ ಅಂದುಕೊಂಡಿದ್ದ ಆ ಯಾರಾದರೂ ಎಂಬುವರು ಮಾತ್ರ ಹೋಗಿರಲಿಲ್ಲ.

ಆಗ ಹಿಂದಿನಿಂದ ಪಾಸ್ಟರಮ್ಮನ ಸಣ್ಣ ಧ್ವನಿ ಬಂತು. "ಅವರನ್ನೇ ಅನ್ನಬೇಡಿ ಅಕ್ಕ. ನಾನು ಯಾರಿಗೂ ಹೇಳಿ ಕಳಿಸಲಿಲ್ಲ. ಇವರೂ ಹೇಳ್ತೀನಿ ಅಂದ್ರೆ ಬೇಡ ಅಂದೆ. ನೀವ್ಯಾರೂ ಬರಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಬಂದು ಬಿಟ್ರೆ ಸಿಟ್ಟು ಇಟ್ಕೊಳ್ಳೋಕೆ ಆಗಲ್ವಲ್ಲ." ಹೇಳಿ ತಾವೇ ನಕ್ಕರು, ನಕ್ಕಿದ್ದಕ್ಕೆ ಹೊಲಿಗೆ ನೋಯಿತು, ಹೊಟ್ಟೆ ಹಿಡಿದುಕೊಂಡರು. ನಾಲ್ಕು ಹೆಂಗಸರು ಒಟ್ಟಿಗೆ ಎದ್ದು ಅವರ ಹತ್ತಿರ ಹೋದರು.

ನಿರ್ಣಯಕ್ಕೆ ಯಾರೂ ಕೈ ಎತ್ತಲಿಲ್ಲ. ಪ್ರೆಸ್ಸಿನವರು ಕಾಗದವನ್ನು ಹರಿಯುವ ಮನುಷ್ಯರಲ್ಲ, ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಸಂಜೆಯವರೆಗೆ ಮಾತು ನಡೆಯಿತು, ಗಲಾಟೆಯೂ ನಡೆಯಿತು. ಪಾಸ್ಟರು ಆರು ವರ್ಷದಲ್ಲಿ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ ಎಂಬುದು ಅಲ್ಲಿಯೇ ಗೊತ್ತಾಗಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನು ಬುಧವಾರ ಅವರ ಬಾಗಿಲು ಯಾರೂ ತಟ್ಟಬಾರದು ಎಂದಾಯಿತು. "ಸತ್ರೆ?" ಎಂದು ಅಜ್ಜಿ ಕೇಳಿದರು. ಸತ್ತರೆ ಗುರುವಾರದವರೆಗೆ ಕಾಯುತ್ತೇವೆ ಎಂದು ಅಜ್ಜ ಒಪ್ಪಿಕೊಂಡರು, ಅದು ಮಾತ್ರ ಅವರಿಗೆ ಸರಿಯಾಗಿ ಕೇಳಿಸಿತ್ತು. ಯಾವ ಮನೆಯ ವಿಷಯವನ್ನೂ, ಒಪ್ಪಿಗೆ ಇದ್ದರೂ, ಇನ್ನೆಂದೂ ಪೀಠದ ಮೇಲೆ ತರುವುದಿಲ್ಲ ಎಂದು ಪಾಸ್ಟರು ಮಾತು ಕೊಟ್ಟರು. ಅವರ ಮೇಲೆ ದೂರಿದ್ದರೆ ಮೊದಲು ಅವರ ಮುಂದೆಯೇ ಹೇಳುತ್ತೇವೆ ಎಂದು ನಾವು ಮಾತು ಕೊಟ್ಟೆವು. ಇದರಲ್ಲಿ ಎಷ್ಟು ಉಳಿಯುತ್ತದೋ ನೋಡಬೇಕು. ಬಾಯಲ್ಲಿ ಬಂದದ್ದು ಕೈಗೆ ಇಳಿಯಲು ಸಮಯ ಬೇಕು. ಆದರೆ ಸೋಮವಾರ ಬೆಳಗ್ಗೆ ಪಾಸ್ಟರ ಮನೆಗೆ ಐದು ಬೇರೆ ಬೇರೆ ಮನೆಗಳಿಂದ ಊಟ ಬಂತಂತೆ. ಇಟ್ಟುಕೊಳ್ಳಲು ಜಾಗವಿಲ್ಲದೆ ಪಾಸ್ಟರು ಪಕ್ಕದ ಮನೆಯವರಿಗೆ ಹಂಚಿದರಂತೆ.

ನನಗೆ ಎಲ್ಲರೂ ಹಾರ ಹಾಕಿದರು ಎಂದುಕೊಳ್ಳಬೇಡ. ಹಾಡುವ ಗುಂಪಿನ ಟೀಚರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಎರಡು ವರ್ಷ ನನ್ನ ಪರವಾಗಿ ಪಾಸ್ಟರ ಮೇಲೆ ಕೋಪ ಮಾಡಿಕೊಂಡವರು ಅವರು. ಆ ಕೋಪವನ್ನು ಈಗ ಎಲ್ಲಿಡಬೇಕೆಂದು ತಿಳಿಯದೆ ನನಗೇ ಕೊಟ್ಟಿದ್ದಾರೆ, ನ್ಯಾಯವೇ. ದಾರಿಯಲ್ಲಿ ಇಬ್ಬರು ನನ್ನನ್ನು ಕಂಡು ಆ ಕಡೆ ದಾಟಿದರು. ಪಾಸ್ಟರು ಎರಡು ವರ್ಷ ನಡೆದ ಬೀದಿಯಲ್ಲಿ ನಾನು ಎರಡು ದಿನ ನಡೆದಿದ್ದೇನೆ, ಅಷ್ಟೇ.

ನಿನ್ನೆ ಕಚೇರಿಗೆ ಹೋದೆ. ಪಾಸ್ಟರು ದಾಖಲೆ ಪುಸ್ತಕ ತೆಗೆದು ನಮ್ಮ ಪುಟ ಬಿಡಿಸಿದರು. ನನ್ನ ಹೆಸರಿನ ಮುಂದೆ ಹಳೆಯ ಪಾಸ್ಟರ ಗುಂಡು ಅಕ್ಷರದಲ್ಲಿ ವಿಧವೆ ಎಂದಿತ್ತು. ಇವರು ಅದರ ಮೇಲೆ ಒಂದು ಗೆರೆ ಎಳೆದು, ಪೆನ್ನು ಹಿಡಿದೇ, "ಏನಂತ ಬರೀಲಿ ಅಕ್ಕ?" ಎಂದು ಕೇಳಿದರು. ದಾರಿಯುದ್ದಕ್ಕೂ ಯೋಚಿಸಿದ್ದೆ, ಬಾಯಿಗೆ ಬಂದದ್ದು ಬೇರೆ. "ಗಂಡ ಬದುಕಿದ್ದಾರೆ ಅಂತ ಬರೀರಿ. ಮಗಳನ್ನ ಒಬ್ಬಳೇ ಬೆಳೆಸಿದ್ದಾಳೆ ಅಂತ ಬರೀರಿ." ಅಷ್ಟಕ್ಕೆ ಆ ಕಾಲಮ್ಮಿನಲ್ಲಿ ಜಾಗವಿರಲಿಲ್ಲ. ಅವರು ಅಂಚಿನಲ್ಲಿ, ಅಡ್ಡಕ್ಕೆ, ಸಣ್ಣ ಅಕ್ಷರದಲ್ಲಿ ಪೂರ್ತಿ ಬರೆದರು. ಸತ್ತವರ ಪಟ್ಟಿಯಿಂದ ಆ ಹೆಸರನ್ನು ಎರಡು ವರ್ಷದ ಹಿಂದೆಯೇ ತೆಗೆದಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಆ ನೆನಪಿನ ಭಾನುವಾರಗಳಂದು ನಾನು ಕೆಲಸವಿದೆ ಎಂದು ಹೋಗಿರಲಿಲ್ಲ.

ಹೊರಡುವಾಗ ಅವರು ಒಂದು ಲಕೋಟೆ ತೋರಿಸಿದರು. ನಿನಗೆ ಬರೆದದ್ದು. ಎರಡು ವರ್ಷದ ಹಿಂದೆ ಬರೆದು, ವಿಳಾಸವಿಲ್ಲದೆ ಇಟ್ಟುಕೊಂಡದ್ದು. "ಅವಳನ್ನ ಕೇಳಿ. ಬೇಕು ಅಂದ್ರೆ ಮಾತ್ರ ಕಳಿಸ್ತೀನಿ. ಬೇಡ ಅಂದ್ರೆ ಅದೂ ಸರಿ, ಅದನ್ನ ಅವಳೇ ಹೇಳಲಿ, ನೀವು ಹೇಳಬೇಡಿ" ಎಂದರು. ನನ್ನ ಮಾತಿನ ಮೇಲೆ ಅವರಿಗೆ ಭರವಸೆ ಬರಲು ಇನ್ನೂ ಸ್ವಲ್ಪ ದಿನ ಬೇಕು. ಅದಕ್ಕೆ ನನಗೆ ಬೇಸರವಿಲ್ಲ. ಹಾಗಾಗಿ ಕೇಳುತ್ತಿದ್ದೇನೆ, ಅವರ ಕಾಗದ ಬೇಕಾ? ಅವರಿಗೇ ಒಂದು ಸಾಲು ಬರೆ, ಇಲ್ಲವೇ ಫೋನ್ ಮಾಡು. ಬುಧವಾರ ಮಾತ್ರ ಬೇಡ.

ನನ್ನನ್ನು ಕ್ಷಮಿಸು ಎಂದು ಬರೆಯಲು ಕೂತವಳು ಇಷ್ಟುದ್ದ ಬರೆದೆ. ಕ್ಷಮಿಸು. ಇವತ್ತೇ ಆಗಬೇಕೆಂದಿಲ್ಲ. ಸಿಟ್ಟು ಈಗ ಬರಬೇಕಾದ ವಿಳಾಸಕ್ಕೆ ಬರಲಿ. ಬೈಯಬೇಕೆನಿಸಿದರೆ ಬೈದು ಬರೆ, ನಾನು ಪೂರ್ತಿ ಓದುತ್ತೇನೆ. ಸುಮ್ಮನಿರಬೇಕೆನಿಸಿದರೆ ಸುಮ್ಮನಿರು, ಕಾಯುತ್ತೇನೆ. ಹೇಗಿದ್ದರೂ ಊಟ ಆಯಿತಾ ಎಂದು ಭಾನುವಾರ ಫೋನ್ ಮಾಡುತ್ತೇನೆ. ಅದೊಂದು ಪ್ರಶ್ನೆಯಲ್ಲಿ ನಾನು ಯಾವತ್ತೂ ಸುಳ್ಳು ಬೆರೆಸಿಲ್ಲ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿ, ಎದ್ದು ಹೋಗಿ, ಮತ್ತೆ ಬಂದು ಕೂತೆ. ನಿನ್ನ ಅಪ್ಪ ಇರುವ ಊರು, ಬೀದಿ, ಮನೆಯ ನಂಬರು ಈ ಹಾಳೆಯ ಹಿಂದೆ ಇದೆ. ನನಗೆ ಹನ್ನೆರಡು ವರ್ಷದಿಂದ ಗೊತ್ತು. ಹೋಗು ಅನ್ನುವುದಿಲ್ಲ, ಬೇಡ ಅನ್ನುವುದೂ ಇಲ್ಲ. ಹೋಗುವುದಾದರೆ ಬಸ್ ನಿಲ್ದಾಣದವರೆಗೆ ಜೊತೆಗೆ ಬರುತ್ತೇನೆ. ಇದನ್ನು ನಾನು ಪಾಸ್ಟರಿಗೆ ಹೇಳಿಲ್ಲ, ಸಭೆಯಲ್ಲಿ ಹೇಳಿಲ್ಲ, ಪ್ರಾರ್ಥನೆಯಲ್ಲಿ ದೇವರ ಹತ್ತಿರವೂ ಜೋರಾಗಿ ಹೇಳಿಲ್ಲ. ಇದನ್ನು ಮೊದಲು ಕೇಳುತ್ತಿರುವವಳು ನೀನು.